ಕಮ್ಯೂನಿಟಿ ಕಾಲೇಜಿನಲ್ಲಿ ಜನರಲ್ ಎಜುಕೇಶನ್ ಕಲಿಕೆ ಅಳೆಯೋದು: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಟೆಕ್ಸಸ್‌ನ ಒಂದು ಕಮ್ಯೂನಿಟಿ ಕಾಲೇಜಿನಲ್ಲಿ ಸ್ಟಾಟಿಸ್ಟಿಕ್ಸ್ ಪಾಠ ಮಾಡುತ್ತೇನೆ. ಅದಕ್ಕೂ ಮುಂಚೆ ಹಾಸನದ ಕಡೆ ಡಿಗ್ರಿ ಕಾಲೇಜಿನಲ್ಲಿದ್ದೆ. ಇಲ್ಲಿ ಅಸೆಸ್‌ಮೆಂಟ್ ಕಮಿಟಿಗೆ (ವಿದ್ಯಾರ್ಥಿಗಳು ಎಷ್ಟು ಕಲಿತರು ಅಂತ ಅಳೆಯುವ ಸಮಿತಿ) ನನ್ನನ್ನು ಹಾಕಿದಾಗಿನಿಂದ ಊರಿನ ಹಳೇ ಸಹೋದ್ಯೋಗಿಗಳು, ಕನ್ನಡ ಸಂಘದ ಯುಗಾದಿ ಊಟದಲ್ಲಿ ಪಕ್ಕ ಕೂತ ಅಪ್ಪ ಅಮ್ಮಂದಿರು, ಹೊಸದಾಗಿ ಪಾಠಕ್ಕೆ ಸೇರಿದವರು ಎಲ್ಲರೂ ಹೆಚ್ಚುಕಮ್ಮಿ ಇವೇ ಪ್ರಶ್ನೆ ಕೇಳುತ್ತಾರೆ. ಅವರು ಕೇಳಿದ ಮಾತಲ್ಲೇ ಇಟ್ಟಿದ್ದೇನೆ. ನಿಮಗೆ ಬೇಕಾದ್ದು ಮಾತ್ರ ಓದಿಕೊಳ್ಳಿ, ಮೊದಲಿಂದ ಓದಲೇಬೇಕು ಅಂತೇನಿಲ್ಲ.

## ಮೊದಲು ಇಷ್ಟು ಗೊತ್ತಿರಲಿ

ಕಮ್ಯೂನಿಟಿ ಕಾಲೇಜು ಅಂದ್ರೆ ನಮ್ಮ ಪಿಯುಸಿ ಥರಾನಾ, ಡಿಪ್ಲೊಮಾ ಥರಾನಾ?

ಎರಡೂ ಅಲ್ಲ. ಹೈಸ್ಕೂಲ್ ಆದ ಮೇಲೆ ಸೇರುವ ಎರಡು ವರ್ಷದ ಸಾರ್ವಜನಿಕ ಕಾಲೇಜು ಇದು. ಸಾಮಾನ್ಯವಾಗಿ 60 ಕ್ರೆಡಿಟ್ ಮುಗಿಸಿದರೆ ಅಸೋಸಿಯೇಟ್ ಡಿಗ್ರಿ. ಕೆಲವರು ಅಲ್ಲಿಂದ ವಿಶ್ವವಿದ್ಯಾಲಯದ ಮೂರನೇ ವರ್ಷಕ್ಕೆ ಹೋಗುತ್ತಾರೆ. ಕೆಲವರು ನರ್ಸಿಂಗ್, ವೆಲ್ಡಿಂಗ್, ಎಸಿ ರಿಪೇರಿ ಕಲಿತು ಕೆಲಸಕ್ಕೆ ಹೋಗುತ್ತಾರೆ. ಈಗಲೂ ನಡೆಯುತ್ತಿರುವವುಗಳಲ್ಲಿ ತುಂಬಾ ಹಳೆಯದು ಇಲಿನಾಯ್‌ನ ಜೋಲಿಯೆಟ್ ಜೂನಿಯರ್ ಕಾಲೇಜು, 1901ರದ್ದು. 'ಕಮ್ಯೂನಿಟಿ ಕಾಲೇಜು' ಅನ್ನೋ ಹೆಸರು ಎಲ್ಲರ ಬಾಯಿಗೆ ಬಂದದ್ದು 1947ರಲ್ಲಿ, ಅಧ್ಯಕ್ಷ ಟ್ರೂಮನ್ ನೇಮಿಸಿದ ಆಯೋಗದ ವರದಿಯಿಂದ.

ನಮ್ಮಲ್ಲಿ ಯುಜಿಸಿಯವರ ಕಮ್ಯೂನಿಟಿ ಕಾಲೇಜು ಯೋಜನೆ ಇದೆಯಲ್ಲ, ಅದು ಮುಖ್ಯವಾಗಿ ಕೌಶಲ ತರಬೇತಿ. ಹೆಸರು ಒಂದೇ ಅಂತ ಗೊಂದಲ ಮಾಡಿಕೊಳ್ಳಬೇಡಿ.

ಇಲ್ಲಿ ಬಾಗಿಲು ಎಲ್ಲರಿಗೂ ತೆರೆದಿರುತ್ತದೆ. ನನ್ನ ಒಂದೇ ತರಗತಿಯಲ್ಲಿ 17ರ ಹುಡುಗಿ, ರಾತ್ರಿ ಗೋಡೌನ್ ಕೆಲಸ ಮುಗಿಸಿ ಬರುವ ಮೂರು ಮಕ್ಕಳ ತಂದೆ, ಸೈನ್ಯದಿಂದ ವಾಪಸ್ ಬಂದವರು ಎಲ್ಲ ಇರುತ್ತಾರೆ. ಇದನ್ನು ನೆನಪಲ್ಲಿಟ್ಟುಕೊಳ್ಳಿ, ಅಳೆಯುವ ವಿಷಯ ಬಂದಾಗ ಇದೇ ದೊಡ್ಡ ತಲೆನೋವು.

ನನ್ನ ಮಗಳು ಕಂಪ್ಯೂಟರ್ ಓದೋಕೆ ಸೇರಿದ್ದು. ಅವಳಿಗೆ ಇತಿಹಾಸ, ಸಂಗೀತದ ಪಾಠ ಯಾಕೆ ಮೇಡಂ?

ಅದೇ ಜನರಲ್ ಎಜುಕೇಶನ್. ಯಾವ ವಿಷಯದಲ್ಲಿ ಡಿಗ್ರಿ ತೆಗೆದುಕೊಂಡರೂ ಎಲ್ಲರೂ ಓದಬೇಕಾದ ಸಾಮಾನ್ಯ ಭಾಗ. ಟೆಕ್ಸಸ್‌ನಲ್ಲಿ ಇದಕ್ಕೆ 'ಕೋರ್ ಕರಿಕ್ಯುಲಮ್' ಅನ್ನುತ್ತಾರೆ, ಒಟ್ಟು 42 ಕ್ರೆಡಿಟ್. ಬರವಣಿಗೆ ಮತ್ತು ಮಾತು 6, ಗಣಿತ 3, ವಿಜ್ಞಾನ 6, ಅಮೆರಿಕದ ಇತಿಹಾಸ 6, ಸರ್ಕಾರ ಮತ್ತು ರಾಜಕೀಯ 6, ಸಮಾಜ ವಿಜ್ಞಾನ 3, ಕಲೆ 3, ಭಾಷೆ-ತತ್ವ-ಸಂಸ್ಕೃತಿ 3. ಉಳಿದ 6ನ್ನು ಕಾಲೇಜು ಹಂಚಿಕೊಳ್ಳುತ್ತದೆ.

ಒಂದು ಸಮಾಧಾನದ ವಿಷಯ: 42 ಪೂರ್ತಿ ಮುಗಿಸಿ ರಾಜ್ಯದ ಇನ್ನೊಂದು ಸರ್ಕಾರಿ ವಿಶ್ವವಿದ್ಯಾಲಯಕ್ಕೆ ಹೋದರೆ ಅವರು ಅದನ್ನು ಒಟ್ಟಿಗೆ ಒಪ್ಪಿಕೊಳ್ಳಬೇಕು. ಅರ್ಧಕ್ಕೆ ಬಿಟ್ಟು ಹೋದರೆ ಮುಗಿಸಿದ ಕೋರ್ ಕೋರ್ಸುಗಳಿಗೆ ಕ್ರೆಡಿಟ್ ಸಿಗುತ್ತದೆ, ಆದರೆ ಉಳಿದದ್ದನ್ನು ಅಲ್ಲಿನ ಕೋರ್ ಪ್ರಕಾರ ಮುಗಿಸಬೇಕಾಗಬಹುದು. ಹಾಗಾಗಿ ಸಂಗೀತದ ಪಾಠ ದಂಡ ಅಂತ ಬೈಯಬೇಡಿ, ಮುಗಿಸಲಿ.

ಲರ್ನಿಂಗ್ ಔಟ್‌ಕಮ್ ಅಂತೀರಲ್ಲ, ಅದು ಸಿಲಬಸ್ ತಾನೆ?

ಸಿಲಬಸ್ ಮೇಷ್ಟ್ರು ಏನು ಪಾಠ ಮಾಡುತ್ತಾರೆ ಅನ್ನೋದರ ಪಟ್ಟಿ. ಔಟ್‌ಕಮ್ ಅಂದರೆ ಕೋರ್ಸ್ ಮುಗಿದಾಗ ವಿದ್ಯಾರ್ಥಿ ಏನು ಮಾಡಿ ತೋರಿಸಬಲ್ಲರು ಅನ್ನೋದು. 'ಮೀನ್, ಮೀಡಿಯನ್, ಮೋಡ್' ಅಂತ ಬರೆದರೆ ಸಿಲಬಸ್. 'ಒಂದು ಗ್ರಾಫ್ ಕೊಟ್ಟರೆ ಅದು ಏನು ಹೇಳುತ್ತಿದೆ, ಏನು ಹೇಳುತ್ತಿಲ್ಲ ಅಂತ ತನ್ನ ಮಾತಲ್ಲಿ ವಿವರಿಸಬಲ್ಲರು' ಅಂತ ಬರೆದರೆ ಔಟ್‌ಕಮ್. 'ಅರ್ಥ ಮಾಡಿಕೊಳ್ಳುತ್ತಾರೆ', 'ಅರಿವು ಮೂಡುತ್ತದೆ' ಅಂತ ಬರೆಯೋದನ್ನು ದಯವಿಟ್ಟು ಬಿಡಿ. ಅರಿವು ಮೂಡಿದ್ದು ಕಣ್ಣಿಗೆ ಕಾಣೋದಿಲ್ಲ.

ಟೆಕ್ಸಸ್ ಕೋರ್‌ಗೆ ಆರು ಗುರಿಗಳಿವೆ. ವಿಮರ್ಶಾತ್ಮಕ ಚಿಂತನೆ, ಸಂವಹನ, ಅಂಕಿಅಂಶಗಳ ಬಳಕೆ, ಟೀಮ್‌ವರ್ಕ್, ವೈಯಕ್ತಿಕ ಜವಾಬ್ದಾರಿ, ಸಾಮಾಜಿಕ ಜವಾಬ್ದಾರಿ. 2014ರಿಂದ ಜಾರಿಯಲ್ಲಿವೆ. ಮೊದಲ ಎರಡು ಎಲ್ಲ ವಿಭಾಗದ ಕೋರ್ಸಿಗೂ ಕಡ್ಡಾಯ. ಉಳಿದವು ವಿಭಾಗ ನೋಡಿಕೊಂಡು.

ಎ ಗ್ರೇಡ್ ಬಂದಿದೆ ಅಂದ್ರೆ ಕಲಿತಿದಾರೆ ಅಂತಾನೇ ಅಲ್ವಾ? ಇನ್ನೇನು ಅಳೆಯೋದು?

ಇದನ್ನು ನಾನೂ ಮೊದಲು ಕೇಳಿದ್ದೆ, ಸ್ವಲ್ಪ ಜೋರಾಗೇ ಕೇಳಿದ್ದೆ.

ಗ್ರೇಡ್‌ನಲ್ಲಿ ಏನೇನು ಸೇರಿರುತ್ತದೆ ನೋಡಿ. ಹಾಜರಿ, ಹೋಮ್‌ವರ್ಕ್ ಸಮಯಕ್ಕೆ ಕೊಟ್ಟದ್ದು, ಮೂರು ಪರೀಕ್ಷೆ, ತಡವಾಗಿದ್ದಕ್ಕೆ ಕಳೆದದ್ದು, ಕೊನೆಗೆ ಬೋನಸ್ ಅಂತ ಕೊಟ್ಟ ಐದು ಅಂಕ. ಎಲ್ಲ ಕಲಸಿದ ಬಿಸಿಬೇಳೆಬಾತ್ ಅದು. ರುಚಿಯಾಗಿದೆ ಅನ್ನಬಹುದು, ಬೇಳೆ ಬೆಂದಿತ್ತಾ ಅಂತ ಬೇರೆ ತೆಗೆದು ಹೇಳೋಕಾಗಲ್ಲ.

ನನ್ನ ತರಗತಿಯಲ್ಲಿ ಒಬ್ಬ ಹುಡುಗ ಇದ್ದ. ಎಲ್ಲ ಹೋಮ್‌ವರ್ಕ್ ಸರಿ, ಸೂತ್ರ ಎಲ್ಲ ಬಾಯಿಪಾಠ, ನೇರ ಎ. ಕೊನೇ ವಾರ ನನ್ನ ರೂಮಿಗೆ ಬಂದಾಗ ಸುಮ್ನೆ ಒಂದು ಮಾತು ಕೇಳಿದೆ: 'ಈ ಬೀದಿಯಲ್ಲಿ ಮನೆಗಳ ಸರಾಸರಿ ಬೆಲೆ ಒಂದು ಕೋಟಿ, ಮೀಡಿಯನ್ ನಲವತ್ತು ಲಕ್ಷ ಅಂದ್ಕೋ. ಹಾಗಂದ್ರೆ ಆ ಬೀದಿ ಹೇಗಿದೆ?' (ಡಾಲರಲ್ಲೇ ಕೇಳಿದ್ದು, ನಿಮಗಾಗಿ ರೂಪಾಯಿ ಮಾಡಿದ್ದೇನೆ. ಮೀಡಿಯನ್ ಅಂದರೆ ಮನೆಗಳನ್ನು ಬೆಲೆ ಪ್ರಕಾರ ಸಾಲಾಗಿ ಇಟ್ಟರೆ ನಟ್ಟನಡುವೆ ಬರುವ ಬೆಲೆ.) ಅವನು ಎರಡನ್ನೂ ಲೆಕ್ಕ ಹಾಕುವ ವಿಧಾನ ಹೇಳಿದ. ಅಲ್ಲಿ ಎಲ್ಲೋ ಎರಡು ಮೂರು ಬಂಗಲೆ ಇದ್ದು ಸರಾಸರಿಯನ್ನು ಮೇಲಕ್ಕೆ ಎಳೆದಿವೆ ಅನ್ನೋದು ಅವನಿಗೆ ಹೊಳೆಯಲೇ ಇಲ್ಲ. ಅವನ ತಪ್ಪಲ್ಲ. ಇಡೀ ಸೆಮಿಸ್ಟರಿನಲ್ಲಿ ಈ ಥರ ಪ್ರಶ್ನೆ ನಾನು ಒಂದೂ ಕೇಳಿರಲಿಲ್ಲ.

ಇನ್ನೊಂದು ವಿಷಯ. ಗ್ರೇಡ್ ಒಬ್ಬ ವಿದ್ಯಾರ್ಥಿ ಬಗ್ಗೆ ಒಬ್ಬ ಮೇಷ್ಟ್ರು ಕೊಡುವ ತೀರ್ಪು. ಔಟ್‌ಕಮ್ ಅಸೆಸ್‌ಮೆಂಟ್ ಇಡೀ ಕಾರ್ಯಕ್ರಮದ ಬಗ್ಗೆ: ನಮ್ಮ ಕಾಲೇಜಲ್ಲಿ ಓದಿದವರು ಒಟ್ಟಾರೆ ಅಂಕಿಅಂಶ ಓದೋದನ್ನು ಕಲಿತಿದ್ದಾರಾ, ಎಲ್ಲಿ ಮುಗ್ಗರಿಸುತ್ತಿದ್ದಾರೆ? ಇಲ್ಲಿ ಪ್ರಶ್ನೆ ನಮ್ಮ ಮೇಲೆ, ಅವರ ಮೇಲಲ್ಲ.

ಇದನ್ನೆಲ್ಲ ಮಾಡಿ ಅಂತ ಕೇಳಿದ್ಯಾರು? ಸರ್ಕಾರಾನಾ?

ಮುಖ್ಯವಾಗಿ ಮಾನ್ಯತೆ ಕೊಡುವ ಸಂಸ್ಥೆಗಳು. ನಮ್ಮದು ದಕ್ಷಿಣದ 11 ರಾಜ್ಯಗಳನ್ನು ನೋಡಿಕೊಳ್ಳುವ ಎಸ್‌ಎಸಿಎಸ್‌ಸಿಒಸಿ, ಬಾಯಲ್ಲಿ 'ಸ್ಯಾಕ್ಸ್'. ಅವರ ನಿಯಮ 8.2.ಬಿ ಹೇಳೋದು ಇಷ್ಟು: ಜನರಲ್ ಎಜುಕೇಶನ್‌ನಲ್ಲಿ ವಿದ್ಯಾರ್ಥಿಗಳಿಂದ ಏನು ನಿರೀಕ್ಷೆ ಅಂತ ಗುರುತಿಸಿ, ಅದು ಎಷ್ಟರ ಮಟ್ಟಿಗೆ ಆಗಿದೆ ನೋಡಿ, ನೋಡಿದ ಮೇಲೆ ಸುಧಾರಿಸಲು ಏನು ಮಾಡಿದಿರಿ ಅನ್ನೋದಕ್ಕೆ ಪುರಾವೆ ಕೊಡಿ. ಹತ್ತು ವರ್ಷಕ್ಕೊಮ್ಮೆ ಮಾನ್ಯತೆ ನವೀಕರಣ. ರಾಜ್ಯದ ಉನ್ನತ ಶಿಕ್ಷಣ ಮಂಡಳಿಗೂ ಕೋರ್ ಬಗ್ಗೆ ವರದಿ ಕೊಡಬೇಕು.

ಮಾನ್ಯತೆ ಹೋದರೆ ವಿದ್ಯಾರ್ಥಿಗಳಿಗೆ ಕೇಂದ್ರ ಸರ್ಕಾರದ ಹಣಕಾಸು ನೆರವು ಸಿಗೋದಿಲ್ಲ. ಆ ನೆರವನ್ನೇ ನಂಬಿ ಇಲ್ಲಿ ಓದುವವರು ಬಹಳ ಜನ. ಹಾಗಾಗಿ ಕಾಲೇಜುಗಳು ಇದಕ್ಕೆ ಹೆದರುತ್ತವೆ. ಹೆದರಿಕೆಯಿಂದ ಶುರುವಾದ ಕೆಲಸ ಫೈಲಿನಲ್ಲಿ ಮುಗಿಯೋದೇ ಜಾಸ್ತಿ, ಅದೂ ನಿಜ.

## ಮಾಡೋದು ಹೇಗೆ

ಒಂದು ಸುತ್ತು ಹೇಗೆ ನಡೆಯುತ್ತೆ? ಮೊದಲಿಂದ ಹೇಳಿ

ವರ್ಷಕ್ಕೆ ಆರೂ ಗುರಿ ಎತ್ತಿಕೊಂಡರೆ ಯಾವುದೂ ಆಗಲ್ಲ. ಎರಡು ಸಾಕು. ಈ ವರ್ಷ ಸಂವಹನ ಮತ್ತು ಅಂಕಿಅಂಶ ಅಂದುಕೊಳ್ಳಿ. ಮೊದಲು ಯಾವ ಕೋರ್ಸಿನಲ್ಲಿ ಇವನ್ನು ಕಲಿಸುತ್ತೇವೆ ಅಂತ ಒಂದು ನಕ್ಷೆ ಬೇಕು: ಇಲ್ಲಿ ಪರಿಚಯ, ಅಲ್ಲಿ ಅಭ್ಯಾಸ, ಮತ್ತೊಂದರಲ್ಲಿ ಹಿಡಿತ. ಈ ನಕ್ಷೆ ಬರೆಯುವಾಗಲೇ ಅರ್ಧ ಸತ್ಯ ಹೊರಗೆ ಬರುತ್ತದೆ. ಎಲ್ಲರೂ 'ನಮ್ಮ ಕೋರ್ಸಲ್ಲಿ ಎಲ್ಲ ಇದೆ' ಅಂತ ಟಿಕ್ ಹಾಕಿರುತ್ತಾರೆ, ಅಸೈನ್‌ಮೆಂಟ್ ತೋರಿಸಿ ಅಂದರೆ ಮೌನ.

ಆಮೇಲೆ ಆ ಕೋರ್ಸುಗಳಿಂದ ವಿದ್ಯಾರ್ಥಿಗಳು ಹೇಗೂ ಬರೆದಿರುವ ಕೆಲಸವನ್ನೇ ತರಿಸುತ್ತೇವೆ. ಪ್ರಬಂಧ, ಲ್ಯಾಬ್ ವರದಿ, ಭಾಷಣದ ವಿಡಿಯೋ. ಎಲ್ಲರದ್ದೂ ಅಲ್ಲ, ಚೀಟಿ ಎತ್ತಿದ ಹಾಗೆ ಆರಿಸಿದ್ದು. ವಿದ್ಯಾರ್ಥಿ ಹೆಸರು, ಮೇಷ್ಟ್ರ ಹೆಸರು, ಸೆಕ್ಷನ್ ನಂಬರು, ಹಾಕಿದ ಅಂಕ ಎಲ್ಲ ಅಳಿಸಬೇಕು. ವಿದ್ಯಾರ್ಥಿಗಳ ದಾಖಲೆಯ ಗೌಪ್ಯತೆಗೆ 1974ರಿಂದ ಫರ್ಪಾ ಅನ್ನೋ ಕಾನೂನಿದೆ, ಹೆಸರು ಹೊರಗೆ ಹೋಗಬಾರದು. ಹೆಸರು ಕಂಡರೆ ಅಳೆಯುವವರ ಕೈಯೂ ವಾಲುತ್ತದೆ.

ಬೇರೆ ಬೇರೆ ವಿಭಾಗದವರು ಒಂದು ದಿನ ಕೂತು, ರೂಬ್ರಿಕ್ ಅನ್ನೋ ಅಳತೆಪಟ್ಟಿ ಹಿಡಿದು ಓದಿ ಅಂಕ ಹಾಕುತ್ತಾರೆ. ಒಂದೊಂದು ಪೇಪರನ್ನು ಇಬ್ಬರು, ಬೇರೆ ಬೇರೆಯಾಗಿ. ಅಸೈನ್‌ಮೆಂಟ್ ಪ್ರಶ್ನೆಯನ್ನೂ ಜೊತೆಗೆ ಇಟ್ಟಿರಬೇಕು. ಇದನ್ನು ಮರೆಯುವ ಕಾಲೇಜುಗಳು ಬಹಳ. ಪ್ರಶ್ನೆ ಏನಿತ್ತು ಅಂತ ಗೊತ್ತಿಲ್ಲದೆ ಉತ್ತರ ತೂಗೋದು ಕಣ್ಣು ಕಟ್ಟಿಕೊಂಡು ಸೊಪ್ಪು ಸೋಸಿದ ಹಾಗೆ.

ರೂಬ್ರಿಕ್ ಅಂದ್ರೆ ನಮ್ಮ ಸ್ಕೀಮ್ ಆಫ್ ವ್ಯಾಲ್ಯುಯೇಶನ್ ಅಲ್ವಾ?

ಸೋದರ ಸಂಬಂಧಿ ಅನ್ನಬಹುದು. ನಮ್ಮ ಸ್ಕೀಮ್‌ನಲ್ಲಿ 'ವ್ಯಾಖ್ಯೆಗೆ 2, ಚಿತ್ರಕ್ಕೆ 1, ವಿವರಣೆಗೆ 2' ಅಂತ ಇರುತ್ತದೆ, ಒಂದೇ ಪ್ರಶ್ನೆಗೆ ಕಟ್ಟಿದ್ದು. ರೂಬ್ರಿಕ್‌ನಲ್ಲಿ ಗುಣಮಟ್ಟದ ಮೆಟ್ಟಿಲುಗಳನ್ನು ಮಾತಲ್ಲಿ ಬರೆದಿರುತ್ತಾರೆ, ಇತಿಹಾಸದ ಪ್ರಬಂಧಕ್ಕೂ ಜೀವಶಾಸ್ತ್ರದ ವರದಿಗೂ ಹೊಂದುವ ಹಾಗೆ.

ಹೆಚ್ಚು ಬಳಕೆಯಲ್ಲಿರೋದು ಎಎಸಿ ಅಂಡ್ ಯು ಅನ್ನೋ ಕಾಲೇಜುಗಳ ಒಕ್ಕೂಟ 2009ರಲ್ಲಿ ಹೊರತಂದ ವ್ಯಾಲ್ಯೂ ರೂಬ್ರಿಕ್‌ಗಳು. ಬೇರೆ ಬೇರೆ ಕಾಲೇಜಿನ ಮೇಷ್ಟ್ರುಗಳೇ ಸೇರಿ ಬರೆದದ್ದು, ಉಚಿತ. 1 ಅಂದರೆ ಆರಂಭದ ಮಟ್ಟ, 2 ಮತ್ತು 3 ನಡುವಿನ ಮೈಲಿಗಲ್ಲು, 4 ಕೊನೆಯ ಮಟ್ಟ. 1ನ್ನೂ ಮುಟ್ಟದಿದ್ದರೆ ಸೊನ್ನೆ. ವಿಮರ್ಶಾತ್ಮಕ ಚಿಂತನೆಯ ರೂಬ್ರಿಕ್‌ನಲ್ಲಿ ಐದು ಸಾಲು: ಸಮಸ್ಯೆಯ ವಿವರಣೆ, ಪುರಾವೆ, ಸಂದರ್ಭ ಮತ್ತು ಪೂರ್ವಗ್ರಹಿಕೆ, ತನ್ನ ನಿಲುವು, ತೀರ್ಮಾನ.

ಇಲ್ಲಿ ಒಂದು ಎಚ್ಚರ. 4 ಅನ್ನೋದು ನಾಲ್ಕು ವರ್ಷದ ಡಿಗ್ರಿ ಮುಗಿಸುವವರ ಮಟ್ಟ. ನಮ್ಮ ವಿದ್ಯಾರ್ಥಿ ಮೊದಲ ಸೆಮಿಸ್ಟರಿನಲ್ಲಿ 1, ಎರಡನೇ ವರ್ಷದ ಕೊನೆಗೆ 2 ಅಥವಾ 3 ಬಂದರೆ ಚೆನ್ನಾಗಿದೆ. 2ನ್ನು ನಾಲ್ಕಕ್ಕೆ ಎರಡು, ಅಂದರೆ 50 ಪರ್ಸೆಂಟ್, ಅಂದರೆ ಫೇಲು ಅಂತ ಓದುವ ಆಡಳಿತದವರು ಪ್ರತಿ ಕಾಲೇಜಿನಲ್ಲೂ ಒಬ್ಬರಾದರೂ ಸಿಗುತ್ತಾರೆ. ಇವು ಗ್ರೇಡ್ ಕೊಡೋಕೆ ಮಾಡಿದ್ದಲ್ಲ ಅಂತ ಅದೇ ಹಾಳೆ ಮೇಲೆ ಬರೆದಿದೆ, ಓದೋರು ಯಾರು.

ಇಬ್ಬರು ಮೇಷ್ಟ್ರು ಒಂದೇ ಪೇಪರಿಗೆ ಬೇರೆ ಬೇರೆ ಅಂಕ ಕೊಟ್ರೆ?

ಕೊಡ್ತಾರೆ. ಅಲ್ಲಿಂದಲೇ ಕೆಲಸ ಶುರು.

ನಿಜವಾದ ಓದಿಗೆ ಮುಂಚೆ ನಾವು ಮೂರು ನಾಲ್ಕು ಮಾದರಿ ಪೇಪರನ್ನು ಎಲ್ಲರೂ ಓದುತ್ತೇವೆ. ಇದಕ್ಕೆ 'ನಾರ್ಮಿಂಗ್' ಅನ್ನುತ್ತಾರೆ, ತಕ್ಕಡಿ ಸರಿ ಮಾಡಿಕೊಳ್ಳೋದು. ಒಂದು ಶುಕ್ರವಾರ ಬೆಳಗ್ಗೆ ಹೀಗೇ ಕೂತಿದ್ದೆವು. ಮಾದರಿ ಪೇಪರು ಒಬ್ಬ ವಿದ್ಯಾರ್ಥಿನಿಯದು, ಊರಿನ ಬಸ್ಸು ರಾತ್ರಿ ಇನ್ನೂ ತಡವಾಗಿ ಓಡಬೇಕು ಅಂತ ವಾದ. ಅವಳೇ ರಾತ್ರಿ ಪಾಳಿ ಕೆಲಸದವಳು. ಪುರಾವೆ ಅಂತ ಕೊಟ್ಟದ್ದು ಬಸ್ಸಿನ ವೇಳಾಪಟ್ಟಿ, ಟ್ಯಾಕ್ಸಿಗೆ ತಿಂಗಳಿಗೆ ಎಷ್ಟು ಹೋಗುತ್ತಿದೆ ಅನ್ನೋ ಲೆಕ್ಕ, ತನ್ನ ಸಂಬಳದಲ್ಲಿ ಅದು ಎಷ್ಟು ಪಾಲು ಅನ್ನೋದು. ಜೀವಶಾಸ್ತ್ರದ ಸಹೋದ್ಯೋಗಿ 'ಪುರಾವೆ' ಸಾಲಿಗೆ 1 ಹಾಕಿದ್ದರು. 'ಒಂದಾದರೂ ಲೇಖನ ಉಲ್ಲೇಖಿಸಿಲ್ಲ, ಎಲ್ಲ ತನ್ನದೇ ಕಥೆ.' ಇಂಗ್ಲಿಷ್‌ನವರು 3 ಹಾಕಿದ್ದರು. 'ವೇಳಾಪಟ್ಟಿಯಲ್ಲಿ ಬರೆದದ್ದಕ್ಕೂ ಬಸ್ಸು ನಿಜವಾಗಿ ಬರೋದಕ್ಕೂ ವ್ಯತ್ಯಾಸ ಇದೆ ಅಂತ ಅವಳೇ ಪ್ರಶ್ನೆ ಮಾಡಿದ್ದಾಳೆ ನೋಡಿ, ಇದು ಮೂಲವನ್ನು ಪರೀಕ್ಷಿಸೋದಲ್ಲದೆ ಮತ್ತೇನು?'

ಇಪ್ಪತ್ತು ನಿಮಿಷ ಜಗಳ. ಕಾಫಿ ತಣ್ಣಗಾಯಿತು. ಕೊನೆಗೆ ಮೂಲೆಯಲ್ಲಿದ್ದ ಒಬ್ಬರು ಅಸೈನ್‌ಮೆಂಟ್ ಹಾಳೆ ಎತ್ತಿ ಓದಿದರು: 'ನಿಮ್ಮ ಊರಿನ ಒಂದು ಸಮಸ್ಯೆ ಬಗ್ಗೆ ನಿಮ್ಮ ಅಭಿಪ್ರಾಯ ಬರೆಯಿರಿ.' ಅಷ್ಟೇ. ಹೊರಗಿನ ಮೂಲ ಹುಡುಕಿ ಅಂತ ಎಲ್ಲೂ ಇಲ್ಲ. ನಾವು ಕೇಳದೇ ಇದ್ದದ್ದನ್ನು ಅವಳು ಕೊಟ್ಟಿಲ್ಲ ಅಂತ ಅಂಕ ಕಳೆಯುತ್ತಿದ್ದೆವು. ಆ ಶುಕ್ರವಾರದಿಂದ ನನಗೆ ಅನ್ನಿಸಿದ್ದು ಇದು, ಇವತ್ತಿಗೂ ಬದಲಾಗಿಲ್ಲ: ಕಡಿಮೆ ಅಂಕ ಬಂದ ಕಡೆ ಮೊದಲು ಅಸೈನ್‌ಮೆಂಟ್ ನೋಡಬೇಕು, ವಿದ್ಯಾರ್ಥಿಯನ್ನು ಆಮೇಲೆ.

ಲೆಕ್ಕದ ಕಡೆ ಹೇಳೋದಾದರೆ, ಇಬ್ಬರ ಅಂಕ ಒಂದೇ ಅಥವಾ ಒಂದು ಮೆಟ್ಟಿಲಷ್ಟೇ ದೂರ ಇದ್ದರೆ ಒಪ್ಪುತ್ತೇವೆ, ಎರಡು ಮೆಟ್ಟಿಲು ದೂರ ಇದ್ದರೆ ಮೂರನೆಯವರು ಓದುತ್ತಾರೆ. ಆದರೆ ನಾಲ್ಕೇ ಮೆಟ್ಟಿಲಿನ ಏಣಿಯಲ್ಲಿ 'ಒಂದು ಮೆಟ್ಟಿಲು ಆಚೀಚೆ' ಸುಮ್ಮನೆ ಕಣ್ಣುಮುಚ್ಚಿ ಹಾಕಿದರೂ ಎಷ್ಟೋ ಸಲ ಬರುತ್ತದೆ. ಅದಕ್ಕೇ ಆಕಸ್ಮಿಕ ಹೊಂದಾಣಿಕೆಯನ್ನು ಕಳೆದು ನೋಡುವ ಕೋಹೆನ್ಸ್ ಕಪ್ಪಾ ಥರದ ಅಳತೆ ಬೇಕು. '90 ಪರ್ಸೆಂಟ್ ಒಮ್ಮತ' ಅಂತ ವರದಿಯಲ್ಲಿ ಕಂಡರೆ ಯಾವ ಥರದ ಒಮ್ಮತ ಅಂತ ಕೇಳಿ.

ಎಷ್ಟು ಪೇಪರು ಓದಿದ್ರೆ ಸಾಕು?

ಸರಿಯಾಗಿ ಚೀಟಿ ಎತ್ತಿದ್ದರೆ 100 ಪೇಪರಿಗೆ, ನೂರರಲ್ಲಿ 95 ಸಲ, ಹೆಚ್ಚೆಂದರೆ 10 ಶೇಕಡಾ ಅಂಶ ಆಚೀಚೆ. 400 ಓದಿದರೆ 5 ಅಂಶ. ಕೆಲಸ ನಾಲ್ಕು ಪಟ್ಟು, ತಪ್ಪು ಇಳಿಯೋದು ಅರ್ಧಕ್ಕೆ ಮಾತ್ರ. ನನ್ನ ಕೇಳಿದರೆ 100 ಚೆನ್ನಾಗಿ ಓದಿ, ಉಳಿದ ಸಮಯ ಮಾತಾಡಿ. ಆದರೆ ಆನ್‌ಲೈನ್ ಸೆಕ್ಷನ್, ಸಂಜೆ ಸೆಕ್ಷನ್, ಹೈಸ್ಕೂಲ್ ಕಟ್ಟಡದಲ್ಲೇ ನಡೆಯುವ ಡ್ಯುಯಲ್ ಕ್ರೆಡಿಟ್ ಸೆಕ್ಷನ್ (ಹೈಸ್ಕೂಲ್ ಮಕ್ಕಳು ಜೊತೆಜೊತೆಗೇ ಕಾಲೇಜಿನ ಕ್ರೆಡಿಟ್ ಗಳಿಸೋದು) ಎಲ್ಲದರಿಂದಲೂ ಬಂದಿರಬೇಕು. ಖುಷಿಯಿಂದ ಕೊಡುವ ಮೇಷ್ಟ್ರುಗಳಿಂದ ಮಾತ್ರ ತೆಗೆದುಕೊಂಡರೆ ಆ ಲೆಕ್ಕಕ್ಕೆ ಅರ್ಥವಿಲ್ಲ.

ಇಷ್ಟೆಲ್ಲ ಯಾಕೆ? ರೆಡಿ ಪರೀಕ್ಷೆ ಕೊಂಡು ಎಲ್ಲರಿಗೂ ಬರೆಸಿದ್ರೆ ಆಯ್ತಲ್ಲ?

ಅಂಥವು ಸಿಗುತ್ತವೆ. ಕಾಲೇಜಿಯೇಟ್ ಲರ್ನಿಂಗ್ ಅಸೆಸ್‌ಮೆಂಟ್ ಒಂದು ಕಾಲದಲ್ಲಿ ತುಂಬಾ ಸುದ್ದಿಯಲ್ಲಿತ್ತು. ಬೇರೆ ಕಾಲೇಜಿನ ಜೊತೆ ಹೋಲಿಸಬಹುದು ಅನ್ನೋದೊಂದು ಅನುಕೂಲ. ಆದರೆ ಆ ಅಂಕ ವಿದ್ಯಾರ್ಥಿಯ ಗ್ರೇಡಿಗೆ ಸೇರಲ್ಲ. ಸೇರದೇ ಇರುವ ಪರೀಕ್ಷೆಯನ್ನು ರಾತ್ರಿ ಪಾಳಿ ಮುಗಿಸಿ ಬಂದವರು ಎಷ್ಟು ಮನಸ್ಸಿಟ್ಟು ಬರೆಯುತ್ತಾರೆ? ಒಬ್ಬರು ಎಂಟು ನಿಮಿಷಕ್ಕೆ ಎದ್ದು ಹೋದದ್ದನ್ನು ನೋಡಿದ್ದೇನೆ. ದುಡ್ಡೂ ಕೊಡಬೇಕು. ಜೊತೆಗೆ ಅಂಕ ಬಂದ ಮೇಲೆ ಯಾವ ಪಾಠವನ್ನು ಸರಿ ಮಾಡಬೇಕು ಅಂತ ಅದು ಹೇಳಲ್ಲ.

ಟೀಮ್‌ವರ್ಕ್, ಜವಾಬ್ದಾರಿ ಇವನ್ನೆಲ್ಲ ಅಳೆಯೋಕಾಗುತ್ತಾ? ತಮಾಷೆ ಅನ್ನಿಸಲ್ವಾ?

ಅನ್ನಿಸುತ್ತದೆ. ಟೀಮ್‌ವರ್ಕನ್ನು ಕೊನೆಯ ಪೋಸ್ಟರ್ ನೋಡಿ ಅಳೆಯೋಕಾಗಲ್ಲ. ಒಬ್ಬಳೇ ರಾತ್ರಿಯೆಲ್ಲ ಕೂತು ಮಾಡಿದ್ದಿರಬಹುದು. ಗುಂಪಿನವರು ಒಬ್ಬರ ಬಗ್ಗೆ ಒಬ್ಬರು ಬರೆದ ಟಿಪ್ಪಣಿ, ಕೆಲಸ ಹಂಚಿಕೊಂಡ ದಾಖಲೆ ಇದ್ದರೆ ಸ್ವಲ್ಪ ಗೊತ್ತಾಗುತ್ತದೆ. ವೈಯಕ್ತಿಕ ಜವಾಬ್ದಾರಿ ಅಂದರೆ ಆ ವ್ಯಕ್ತಿ ಒಳ್ಳೆಯವರಾ ಅಂತ ತೂಗೋದಲ್ಲ. ಒಂದು ನೈತಿಕ ಇಕ್ಕಟ್ಟು ಕೊಟ್ಟಾಗ ಆಯ್ಕೆಗಳನ್ನು, ಅವುಗಳ ಪರಿಣಾಮಗಳನ್ನು ಬಿಡಿಸಿ ಬರೆಯಬಲ್ಲರಾ ಅಂತ ನೋಡೋದು. ಅದಕ್ಕಿಂತ ಜಾಸ್ತಿ ಹೇಳಿಕೊಂಡರೆ ಸುಳ್ಳು.

## ಸ್ವಲ್ಪ ಕಷ್ಟದ ಪ್ರಶ್ನೆಗಳು

ಅರ್ಧ ಜನ ಡಿಗ್ರಿ ಮುಗಿಸದೇ ಹೋಗ್ತಾರಂತೆ. ಹಾಗಾದ್ರೆ ಯಾರನ್ನ ಅಳೀತೀರಿ?

ನಾಲ್ಕು ವರ್ಷದ ಕಾಲೇಜಿನ ಮಾದರಿ ಇಲ್ಲಿ ಮುರಿದು ಬೀಳೋದು ಇದೇ ಜಾಗದಲ್ಲಿ. ಅಲ್ಲಿ ಮೊದಲ ವರ್ಷ ಒಂದು ಸಲ, ಕೊನೇ ವರ್ಷ ಒಂದು ಸಲ ನೋಡಿ ವ್ಯತ್ಯಾಸ ಹೇಳಬಹುದು. ನಮ್ಮಲ್ಲಿ 'ಕೊನೇ ವರ್ಷ' ಅನ್ನೋದೇ ಸ್ಪಷ್ಟ ಇಲ್ಲ. ಒಬ್ಬರು ಸೆಮಿಸ್ಟರಿಗೆ ಒಂದೇ ಕೋರ್ಸ್ ತೆಗೆದುಕೊಂಡು ಆರು ವರ್ಷ ಓದುತ್ತಾರೆ. ಇನ್ನೊಬ್ಬರು ವಿಶ್ವವಿದ್ಯಾಲಯದಲ್ಲಿದ್ದುಕೊಂಡೇ ಬೇಸಿಗೆಯಲ್ಲಿ ಒಂದು ಗಣಿತ ಕೋರ್ಸ್ ಮುಗಿಸಲು ಬರುತ್ತಾರೆ. ಕೋರ್ ಅನ್ನು ಹೈಸ್ಕೂಲಿನಲ್ಲೇ ಮುಗಿಸಿದವರೂ ಇದ್ದಾರೆ.

ನಾವು ಮಾಡೋದು ಕ್ರೆಡಿಟ್ ಲೆಕ್ಕದ ವಿಂಗಡಣೆ. ಒಂದೇ ಥರದ ಕೆಲಸವನ್ನು 15 ಕ್ರೆಡಿಟ್ ಒಳಗಿನವರದ್ದು, 45 ದಾಟಿದವರದ್ದು ಅಂತ ಬೇರೆ ಮಾಡಿ ನೋಡುತ್ತೇವೆ. ಆದರೆ 45 ದಾಟಿದವರು ಚೆನ್ನಾಗಿ ಬರೆದರೆ ಅದು ನಮ್ಮ ಪಾಠದಿಂದಲೋ, ಬಿಟ್ಟು ಹೋಗದೆ ಉಳಿದವರೇ ಚೆನ್ನಾಗಿ ಬರೆಯುವವರೋ? ಸೋಸಿದ ಮೇಲೆ ಉಳಿದ ಅಕ್ಕಿ ಚೆನ್ನಾಗಿದೆ ಅಂದರೆ ಜರಡಿಗೆ ಶಹಬ್ಬಾಸ್ ಹೇಳೋದೋ ಗದ್ದೆಗೋ! ಅದಕ್ಕೇ ಈ ಹೋಲಿಕೆಯನ್ನು ನಾನು 'ನಾವು ಇಷ್ಟು ಕಲಿಸಿದೆವು' ಅನ್ನೋದಕ್ಕೆ ಬಳಸಲ್ಲ. ಯಾವ ಸಾಲಿನಲ್ಲಿ 45 ದಾಟಿದವರೂ ಮುಗ್ಗರಿಸುತ್ತಿದ್ದಾರೆ ಅಂತ ನೋಡೋಕೆ ಬಳಸುತ್ತೇನೆ. ಆ ಪ್ರಶ್ನೆಗೆ ಈ ದೋಷ ಅಡ್ಡ ಬರಲ್ಲ.

ಗೆಸ್ಟ್ ಲೆಕ್ಚರರ್‌ಗಳಿಗೆ ಈ ಕೆಲಸಕ್ಕೆ ದುಡ್ಡು ಕೊಡ್ತಾರಾ?

ಇಲ್ಲಿ ಅವರಿಗೆ ಅಡ್‌ಜಂಕ್ಟ್ ಅನ್ನುತ್ತಾರೆ. ಕಮ್ಯೂನಿಟಿ ಕಾಲೇಜುಗಳಲ್ಲಿ ಪಾಠ ಮಾಡುವವರಲ್ಲಿ ಅವರೇ ಹೆಚ್ಚು. ಒಂದು ಕೋರ್ಸಿಗೆ ಇಷ್ಟು ಅಂತ ಸಂಬಳ, ಆಫೀಸು ಇರಲ್ಲ, ಮೂರು ಕಾಲೇಜಿನ ಮಧ್ಯೆ ಕಾರಲ್ಲಿ ಓಡಾಟ. ನಾನೂ ಮೊದಲು ಹಾಗೇ ಇದ್ದೆ. ಆಗ ಒಂದು ಕಾಲೇಜಿನಿಂದ 'ಅಸೆಸ್‌ಮೆಂಟ್ ಡೇಟಾ ನಾಳೆಯೊಳಗೆ ತುಂಬಿ' ಅಂತ ಇಮೇಲ್ ಬಂದಿತ್ತು. ಸೆಮಿಸ್ಟರ್ ಮುಗಿದು ನಾಲ್ಕು ದಿನ ಆಗಿತ್ತು, ಸಂಬಳವೂ ಮುಗಿದಿತ್ತು. ಪೆಟ್ರೋಲ್ ಬಂಕಿನಲ್ಲಿ ಕಾರು ನಿಲ್ಲಿಸಿಕೊಂಡು ಫೋನಿನಲ್ಲಿ ಎಲ್ಲರಿಗೂ 3 ಹಾಕಿದೆ. ಆ ಮೂರುಗಳೂ ಯಾವುದೋ ವರದಿಯಲ್ಲಿ ಬಾರ್ ಚಾರ್ಟ್ ಆಗಿರುತ್ತವೆ.

ಕೊಡಬೇಕು. ಒಂದು ದಿನದ ಸ್ಕೋರಿಂಗಿಗೆ ಗೌರವಧನ ಕೊಡುವ ಕಾಲೇಜುಗಳಿವೆ. ಕೊಡದಿದ್ದರೆ ಬರೋದು ಡೇಟಾ ಅಲ್ಲ, ನನ್ನ ಮೂರುಗಳು.

ರಿಸಲ್ಟ್ ಕೆಟ್ಟದಾಗಿ ಬಂದ್ರೆ ಮೇಷ್ಟ್ರ ಕೆಲಸಕ್ಕೆ ತೊಂದರೆ ಆಗುತ್ತಾ?

ಆಗಬಾರದು. ಮೇಷ್ಟ್ರ ಹೆಸರು ಅಳಿಸೋದು ಅದಕ್ಕೇ. ಇದು ಬರೀ ಮಾತಲ್ಲಿರಬಾರದು, ಕಾಲೇಜಿನ ನೀತಿಯಲ್ಲಿ ಬರೆದಿರಬೇಕು. ಒಂದು ಸಲ ಯಾರಾದರೂ ಡೀನ್ ಒಬ್ಬ ಮೇಷ್ಟ್ರನ್ನು ಕರೆದು 'ನಿಮ್ಮ ಸೆಕ್ಷನ್ ಕಡಿಮೆ ಯಾಕೆ' ಅಂತ ಕೇಳಿದರೆ ಸಾಕು, ಮುಂದಿನ ವರ್ಷದಿಂದ ಇಡೀ ಕಾಲೇಜಿನಲ್ಲಿ ಎಲ್ಲ ವಿದ್ಯಾರ್ಥಿಗಳೂ ಬುದ್ಧಿವಂತರಾಗಿಬಿಡುತ್ತಾರೆ.

ಇದೆಲ್ಲ ಮಾಡಿ ನಿಜವಾಗ್ಲೂ ಏನಾದ್ರೂ ಬದಲಾಗಿದ್ಯಾ? ಒಂದಾದ್ರೂ ಹೇಳಿ

ಒಂದು ಹೇಳುತ್ತೇನೆ. ಅಂಕಿಅಂಶದ ಗುರಿಗೆ ಗಣಿತ, ಜೀವಶಾಸ್ತ್ರ, ಮನಃಶಾಸ್ತ್ರದ ಪೇಪರು ಓದುತ್ತಿದ್ದೆವು. ಲೆಕ್ಕದ ಸಾಲಿನಲ್ಲಿ ಅಂಕ ಪರವಾಗಿಲ್ಲ. ವ್ಯಾಖ್ಯಾನದ ಸಾಲಿನಲ್ಲಿ ಪೇಪರಾದ ಮೇಲೆ ಪೇಪರು ಸೊನ್ನೆ, ಒಂದು, ಸೊನ್ನೆ. ಮಕ್ಕಳಿಗೆ ಯೋಚನೆ ಮಾಡೋಕೆ ಬರಲ್ಲ ಅಂತ ಒಬ್ಬರು ನಿಟ್ಟುಸಿರು ಬಿಟ್ಟರು. ಅಸೈನ್‌ಮೆಂಟ್ ಹಾಳೆಗಳನ್ನು ಮೇಜಿನ ಮೇಲೆ ಸಾಲಾಗಿ ಹರಡಿದೆವು. 'ಲೆಕ್ಕ ಹಾಕಿ', 'ಲೆಕ್ಕ ಹಾಕಿ', 'ಗ್ರಾಫ್ ಬರೆಯಿರಿ', 'ಲೆಕ್ಕ ಹಾಕಿ'. ಅದರ ಅರ್ಥವೇನು ಅಂತ ಕೇಳಿದ ಹಾಳೆ ಒಂದೂ ಇರಲಿಲ್ಲ. ನನ್ನದೂ ಅದರಲ್ಲಿತ್ತು.

ನಾವು ಹೊಸ ಪುಸ್ತಕ ತರಲಿಲ್ಲ, ಸಾಫ್ಟ್‌ವೇರ್ ಕೊಳ್ಳಲಿಲ್ಲ. ಕೊನೆಗೆ ಒಂದೇ ಪ್ರಶ್ನೆ ಸೇರಿಸಿದೆವು: 'ಈ ಸಂಖ್ಯೆಯ ಅರ್ಥವನ್ನು ಈ ಕೋರ್ಸ್ ಓದದ ನಿಮ್ಮ ಮನೆಯವರಿಗೆ ಎರಡು ವಾಕ್ಯದಲ್ಲಿ ಹೇಳಿ. ಈ ಸಂಖ್ಯೆಯಿಂದ ಹೇಳೋಕಾಗದ್ದು ಯಾವುದು ಅಂತಲೂ ಹೇಳಿ.' ಮುಂದಿನ ಸುತ್ತಿನಲ್ಲಿ ಆ ಸಾಲು ಚೆನ್ನಾಗಿ ಮೇಲೆ ಬಂತು.

ಕುಣಿದಾಡಬೇಡಿ. ಕೇಳಿದ್ದರಿಂದ ಬರೆದರು, ಅಷ್ಟೇ. ಕಲಿತರಾ? ಅದಕ್ಕೆ ಮೂರನೇ ಸುತ್ತಿನಲ್ಲಿ ಆ ಪ್ರಶ್ನೆ ಇಲ್ಲದ ಬೇರೆ ಕೋರ್ಸಿನ ಪೇಪರುಗಳನ್ನು ತೆಗೆದು ನೋಡಿದೆವು. ಕೆಲವರು ಯಾರೂ ಕೇಳದೆಯೂ ಆ ಎರಡು ವಾಕ್ಯ ಬರೆದಿದ್ದರು. ಎಲ್ಲರೂ ಅಲ್ಲ. ಸಮೀಕ್ಷೆ ಕೋಷ್ಟಕದ ಕೆಳಗೆ ಒಬ್ಬರು 'ಇದು ನಮ್ಮ ಕಾಲೇಜಿನ ಹಗಲು ತರಗತಿಯವರನ್ನು ಮಾತ್ರ ಕೇಳಿದ್ದು, ಎಲ್ಲರ ಮಾತು ಅನ್ನೋಕಾಗಲ್ಲ' ಅಂತ ಬರೆದಿದ್ದರು. ಆ ಹಾಳೆಯನ್ನು ಕಮಿಟಿಯವರೆಲ್ಲ ಕೈಯಿಂದ ಕೈಗೆ ದಾಟಿಸಿ ಓದಿದೆವು.

ಹೀಗೆ ಕಂಡ ಕೊರತೆ ಸರಿ ಮಾಡಿ ಮತ್ತೆ ಅಳೆದು ನೋಡೋದಕ್ಕೆ ವರದಿಗಳಲ್ಲಿ 'ಕ್ಲೋಸಿಂಗ್ ದ ಲೂಪ್' ಅನ್ನುತ್ತಾರೆ. ಬಹಳ ವರದಿಗಳಲ್ಲಿ ಆ ಜಾಗದಲ್ಲಿ 'ಮುಂದಿನ ವರ್ಷ ಚರ್ಚಿಸಲಾಗುವುದು' ಅಂತ ಇರುತ್ತದೆ.

ಚಾಟ್‌ಜಿಪಿಟಿ ಬಂದ ಮೇಲೆ ಮನೆಯಲ್ಲಿ ಬರೆದ ಪ್ರಬಂಧ ಅಳೆದು ಏನು ಪ್ರಯೋಜನ?

ನ್ಯಾಯವಾದ ಪ್ರಶ್ನೆ. 2022ರ ನವೆಂಬರ್ ನಂತರದ ಪೇಪರನ್ನು ಹಿಂದಿನದರ ಜೊತೆ ಹೋಲಿಸಿ 'ಬರವಣಿಗೆ ಸುಧಾರಿಸಿದೆ' ಅಂತ ಬರೆಯೋರಿಗೆ ಧೈರ್ಯ ಜಾಸ್ತಿ. ಪತ್ತೆ ಹಚ್ಚುವ ಸಾಫ್ಟ್‌ವೇರ್ ನಂಬಬೇಡಿ, ತಾವೇ ಬರೆದವರ ಮೇಲೂ ಆರೋಪ ಹೊರಿಸುತ್ತವೆ, ಅದರಲ್ಲೂ ಇಂಗ್ಲಿಷ್ ಎರಡನೇ ಭಾಷೆಯಾದವರ ಮೇಲೆ. ನಾವು ಈಗ ತರಗತಿಯಲ್ಲಿ ಕೈಯಲ್ಲಿ ಬರೆದದ್ದು, ಐದು ನಿಮಿಷದ ಮಾತು, ಕರಡು ಮತ್ತು ಅದನ್ನು ಯಾಕೆ ತಿದ್ದಿದೆ ಅನ್ನೋ ಟಿಪ್ಪಣಿ ಇವುಗಳ ಕಡೆ ವಾಲಿದ್ದೇವೆ. ಪೂರ್ತಿ ಆನ್‌ಲೈನ್ ಸೆಕ್ಷನ್‌ಗಳಿಗೆ ಇನ್ನೂ ಒಳ್ಳೇ ದಾರಿ ಸಿಕ್ಕಿಲ್ಲ.

ನಮ್ಮಲ್ಲೂ ನ್ಯಾಕ್‌ಗೆ, ಎನ್‌ಬಿಎಗೆ ಸಿಒ-ಪಿಒ ಮಾಡ್ತೀವಲ್ಲ ಮೇಡಂ, ಅದೇ ತಾನೆ ಇದು?

ಬೇರು ಒಂದೇ. ಸಿಒ ಅಂದರೆ ಕೋರ್ಸ್ ಔಟ್‌ಕಮ್, ಪಿಒ ಅಂದರೆ ಇಡೀ ಡಿಗ್ರಿಯ ಪ್ರೋಗ್ರಾಂ ಔಟ್‌ಕಮ್. ಕಾಲೇಜುಗಳಿಗೆ ಮಾನ್ಯತೆ ಕೊಡುವ, ಬೆಂಗಳೂರಿನಲ್ಲೇ ಕಚೇರಿ ಇರುವ ನ್ಯಾಕ್ 1994ರದ್ದು, ಅವರ ಮಾನದಂಡಗಳಲ್ಲಿ ಕಲಿಕಾ ಫಲಿತಾಂಶಕ್ಕೆ ಒಂದು ಭಾಗವೇ ಇದೆ. ಎಂಜಿನಿಯರಿಂಗ್ ಡಿಗ್ರಿಗಳಿಗೆ ಮಾನ್ಯತೆ ಕೊಡುವ ಎನ್‌ಬಿಎ ಮೂಲಕ ಭಾರತ 2014ರಲ್ಲಿ ವಾಷಿಂಗ್ಟನ್ ಒಪ್ಪಂದದ (ಅಂಥ ಡಿಗ್ರಿಗಳನ್ನು ದೇಶಗಳು ಪರಸ್ಪರ ಒಪ್ಪುವ ಒಪ್ಪಂದ) ಕಾಯಂ ಸದಸ್ಯ ಆದ ಮೇಲೆ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಸಿಒ-ಪಿಒ ಕೋಷ್ಟಕ ಮನೆಮಾತಾಯಿತು.

ವ್ಯತ್ಯಾಸ ಇರೋದು ಕಚ್ಚಾ ವಸ್ತುವಿನಲ್ಲಿ. ಅಲ್ಲಿ ಸಾಮಾನ್ಯವಾಗಿ ಇಂಟರ್ನಲ್ಸ್ ಮತ್ತು ಪರೀಕ್ಷೆಯ ಅಂಕವನ್ನೇ ತೆಗೆದುಕೊಂಡು, 'ಇಷ್ಟು ಪರ್ಸೆಂಟ್ ಜನ ಇಷ್ಟು ಅಂಕ ದಾಟಿದರೆ ಮಟ್ಟ 3' ಅಂತ ಹಾಕಿ, ಯಾವ ಸಿಒ ಯಾವ ಪಿಒಗೆ ಎಷ್ಟು ಹತ್ತಿರ ಅಂತ ಕೋಷ್ಟಕದಲ್ಲಿ ಹಾಕಿದ 1, 2, 3ರಿಂದ ಗುಣಿಸಿ, ಎಕ್ಸೆಲ್‌ನಲ್ಲಿ 2.14 ಅಂತ ಬರುತ್ತದೆ. ಎರಡು ದಶಮಾಂಶ ನೋಡಿ ಎಷ್ಟು ನಿಖರ ಅನ್ನಿಸುತ್ತದೆ ಅಲ್ವಾ? ಆದರೆ ಆ 1, 2, 3 ಅನ್ನು ಯಾರೋ ಒಬ್ಬರು ಮಧ್ಯಾಹ್ನ ಊಟಕ್ಕೆ ಮುಂಚೆ ಅಂದಾಜಲ್ಲಿ ತುಂಬಿದ್ದು. ವಿದ್ಯಾರ್ಥಿ ಬರೆದದ್ದನ್ನು ಆ ಲೆಕ್ಕಕ್ಕಾಗಿ ಮತ್ತೆ ಯಾರೂ ಓದಿರಲ್ಲ. ನಾನೂ ಅಲ್ಲಿದ್ದಾಗ ತುಂಬಿದ್ದೇನೆ, ಬೇರೆಯವರನ್ನು ಆಡಿಕೊಳ್ಳುತ್ತಿಲ್ಲ. ಇಲ್ಲೂ ಗ್ರೇಡನ್ನೇ ಔಟ್‌ಕಮ್ ಅಂತ ತೋರಿಸುವ ಕಾಲೇಜುಗಳಿವೆ.

ಕೋಷ್ಟಕ ಇರಲಿ, ಕೇಳಿದಾರೆ ಕೊಡಿ. ಜೊತೆಗೆ ವರ್ಷಕ್ಕೊಂದು ಮಧ್ಯಾಹ್ನ ಮೂವತ್ತು ಉತ್ತರಪತ್ರಿಕೆ ಹೆಸರು ಮುಚ್ಚಿ ನಾಲ್ಕು ಜನ ಓದಿ. ಖರ್ಚು ಜೆರಾಕ್ಸ್‌ದು ಮಾತ್ರ.

ನನ್ನನ್ನ ಮೊದಲ ಸಲ ಅಸೆಸ್‌ಮೆಂಟ್ ಕಮಿಟಿಗೆ ಹಾಕಿದಾರೆ. ಎಲ್ಲಿಂದ ಶುರು ಮಾಡ್ಲಿ?

ಹಳೇ ವರದಿ ಹುಡುಕಿ ತೆಗೆಯಿರಿ, ಅದರಲ್ಲಿ 'ಮುಂದಿನ ಕ್ರಮ' ಅಂತ ಬರೆದದ್ದು ಆಯಿತಾ ಅಂತ ಕೇಳಿ. ಬಹುಶಃ ಆಗಿರಲ್ಲ, ಅದನ್ನೇ ಮೊದಲ ಕೆಲಸ ಮಾಡಿಕೊಳ್ಳಿ. ಒಂದೇ ಗುರಿ ಆರಿಸಿ. ರೂಬ್ರಿಕ್ ಹೊಸದಾಗಿ ಬರೆಯೋಕೆ ಕೂತರೆ ಒಂದು ವರ್ಷ ಅದರಲ್ಲೇ ಹೋಗುತ್ತದೆ, ಇರೋದನ್ನು ತೆಗೆದುಕೊಂಡು ಒಂದೆರಡು ಪದ ತಿದ್ದಿ. ಕಮಿಟಿಯಲ್ಲಿ ಕಡ್ಡಾಯವಾಗಿ ಒಬ್ಬರು ಅಡ್‌ಜಂಕ್ಟ್, ಒಬ್ಬರು ಇದೆಲ್ಲ ವೇಸ್ಟು ಅನ್ನೋರು ಇರಲಿ. ಆ ಎರಡನೆಯವರೇ ಮುಖ್ಯವಾದ ಪ್ರಶ್ನೆ ಕೇಳೋದು. ಮತ್ತೆ ಸ್ಕೋರಿಂಗ್ ಬೆಳಗ್ಗೆ ಇಟ್ಟುಕೊಳ್ಳಿ. ಊಟ ಆದ ಮೇಲೆ ಓದಿದ ಪೇಪರಿಗೆಲ್ಲ 2 ಬೀಳುತ್ತದೆ.